ಸಂಗಾತಿಯ ಮೋಸ ಗೊತ್ತಾದ ಮೇಲೆ ಕನ್ನಡಿ ಎದುರು ಮತ್ತೆ ನಿಲ್ಲುವುದು ಹೇಗೆ

ಗಂಡನ ಫೋನಿನಲ್ಲಿ ಕಾಣಬಾರದ್ದು ಕಂಡ ಮೇಲೆ ಬಹಳ ಹೆಂಗಸರು ಹೋಗಿ ನಿಲ್ಲುವುದು ಬೀರುವಿನ ಕನ್ನಡಿ ಎದುರು. ಹೆರಿಗೆಯಾದ ಮೇಲೆ ಇಳಿಯದೇ ಉಳಿದ ಹೊಟ್ಟೆ, ಕಣ್ಣಿನ ಕೆಳಗಿನ ಕಪ್ಪು, ತೆಳ್ಳಗಾದ ಜಡೆ, ಒಂದೊಂದೂ ಅವತ್ತು ಕಾರಣದಂತೆ ಕಾಣುತ್ತದೆ. ಗಂಡಸರಿಗೂ ಇದು ತಪ್ಪಿದ್ದಲ್ಲ. ಬೋಳು ತಲೆ, ಎತ್ತರ, ಸಂಬಳ, ಹಾಸಿಗೆಯಲ್ಲಿನ ಸಾಮರ್ಥ್ಯ ಎಂದು ಅವರೂ ತಮ್ಮ ಕೊರತೆಗಳನ್ನು ಎಣಿಸುತ್ತ ಕೂರುತ್ತಾರೆ. ಇಲ್ಲಿನ ಮಾತು ಹೆಚ್ಚಾಗಿ ಹೆಂಡತಿಯ ಜಾಗದಲ್ಲಿ ನಿಂತು ಬರೆದದ್ದು. ವಿಧಾನಗಳು ಇಬ್ಬರಿಗೂ ಒಂದೇ.

ಸಂಸಾರದಲ್ಲಿ ಬಿರುಕು ಇದ್ದಿದ್ದರೆ ಅದರಲ್ಲಿ ಇಬ್ಬರ ಪಾಲೂ ಇರಬಹುದು. ಮುಚ್ಚಿಟ್ಟು, ಸುಳ್ಳು ಹೇಳಿ, ಇನ್ನೊಬ್ಬರ ಬಳಿ ಹೋದ ನಿರ್ಧಾರ ಮಾತ್ರ ಒಬ್ಬರದ್ದೇ. ಊರೆಲ್ಲ ಚೆಲುವೆ ಅನ್ನುವ ಹೆಂಗಸಿಗೂ ಗಂಡ ಮೋಸ ಮಾಡಿದ್ದುಂಟು. ಹಾಗಾಗಿ ಮೈಯನ್ನು ತಿದ್ದಿ ಈ ಗಾಯ ಮಾಗಿಸಲು ಆಗುವುದಿಲ್ಲ. ಮೈ ಮೇಲೆ ಹೊರಿಸಿದ ಆರೋಪವನ್ನು ಇಳಿಸಬೇಕು, ಅಷ್ಟೇ. ಅದಕ್ಕೊಂದು ಕ್ರಮವಿದೆ: ಮೊದಲು ಊಟ, ನಿದ್ದೆ, ಆಮೇಲೆ ಆರೋಗ್ಯ ಪರೀಕ್ಷೆ, ಆಮೇಲೆ ಹೋಲಿಕೆಗೆ ಕಡಿವಾಣ, ಕನ್ನಡಿ ಆ ನಂತರ. ಹೊಟ್ಟೆಗಿಲ್ಲದೆ, ಕಣ್ಣಿಗೆ ನಿದ್ದೆಯಿಲ್ಲದೆ ನೇರ ಕನ್ನಡಿಗೆ ಹೋದರೆ ಸಂಕಟ ಇಮ್ಮಡಿಯಾಗುತ್ತದೆ.

ಮೊದಲ ಮೂರು ವಾರ

ಈ ದಿನಗಳಲ್ಲಿ ಹಸಿವು ಸತ್ತಿರುತ್ತದೆ, ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಹಸಿವಾಗಲಿ ಎಂದು ಕಾಯಬೇಡಿ, ಗಡಿಯಾರ ನೋಡಿ ತಿನ್ನಿ. ಮೂರು ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ: ಬೆಳಿಗ್ಗೆ ಒಂದು ಲೋಟ ರಾಗಿ ಅಂಬಲಿ, ಹನ್ನೊಂದಕ್ಕೆ ಬಾಳೆಹಣ್ಣು, ಮಧ್ಯಾಹ್ನ ಮೆತ್ತಗಿನ ಅನ್ನಕ್ಕೆ ತೊವ್ವೆ, ಸಂಜೆ ಬೇಯಿಸಿದ ಮೊಟ್ಟೆ ಅಥವಾ ಒಂದು ಹಿಡಿ ಹುರಿಗಡಲೆ, ರಾತ್ರಿ ಮೊಸರನ್ನವಾದರೂ ಸರಿ. ದಿನಕ್ಕೆ ಬೇಕಾದ ಪ್ರೊಟೀನ್ ದೇಹತೂಕದ ಪ್ರತಿ ಕೆಜಿಗೆ ಸುಮಾರು 0.83 ಗ್ರಾಂ, 60 ಕೆಜಿ ಇರುವವರಿಗೆ 50 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಕಾಲು ಲೀಟರ್ ಹಾಲಿನಲ್ಲಿ 8 ಗ್ರಾಂ, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ 7ರಿಂದ 8 ಗ್ರಾಂ ಸಿಗುತ್ತದೆ. ಬರೀ ಕಾಫಿ ಕುಡಿದು ದಿನ ದೂಡಿದರೆ ಇದರ ಕಾಲು ಭಾಗವೂ ಸೇರುವುದಿಲ್ಲ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 'ಸಣ್ಣಗಾಗಿ ತೋರಿಸ್ತೀನಿ' ಎಂಬ ಹಟ ಹುಟ್ಟುವುದು ಈ ವಾರಗಳಲ್ಲೇ. ರಾತ್ರಿ ಊಟ ಬಿಡುವುದು, ಬರೀ ಜ್ಯೂಸ್, ದಿನಕ್ಕೆ ಎರಡು ಗಂಟೆ ಜಿಮ್. ತೂಕವೇನೋ ಸರಸರ ಇಳಿಯುತ್ತದೆ. ಆಘಾತ ಮತ್ತು ಉಪವಾಸ ಎರಡೂ ಸೇರಿದಾಗ, ಎರಡು ಮೂರು ತಿಂಗಳ ನಂತರ ತಲೆಗೂದಲು ಹಿಡಿಹಿಡಿಯಾಗಿ ಉದುರಲು ಶುರುವಾಗುತ್ತದೆ. ಸ್ವಲ್ಪ ಚೇತರಿಸಿಕೊಂಡೆ ಅನ್ನುವ ಹೊತ್ತಿಗೆ ಸರಿಯಾಗಿ ಬರುವುದರಿಂದ ಇದು ಹೊಸ ಪೆಟ್ಟು ಅನಿಸುತ್ತದೆ. ಹೀಗೆ ಉದುರಿದ ಕೂದಲು ಬೇರು ಸಾಯದೇ ಉದುರಿದ್ದು. ಊಟ ಸರಿಹೋದರೆ ಸಾಮಾನ್ಯವಾಗಿ ಆರು ತಿಂಗಳಲ್ಲಿ ಮತ್ತೆ ಹುಟ್ಟುತ್ತದೆ. ವ್ಯಾಯಾಮ ಬೇಡವೆಂದಲ್ಲ. ಬೆಳಗಿನ ಬಿಸಿಲಲ್ಲಿ 20ರಿಂದ 30 ನಿಮಿಷ ನಡೆಯಿರಿ, ತಕ್ಕಡಿ ಹತ್ತಬೇಡಿ. ತೂಕ ಇಳಿಸುವ ಯೋಚನೆಯಿದ್ದರೆ ಮೂರು ತಿಂಗಳು ಮುಂದೂಡಿ. ಆಗ ಮಾಡುವ ತೀರ್ಮಾನದಲ್ಲಿ ಗಂಡ ಹುಡುಕಿಕೊಂಡು ಹೋದ ಆ ಇನ್ನೊಬ್ಬಳ ನೆರಳು ಇರುವುದು ಕಡಿಮೆ.

ನಿದ್ದೆಗೆ: ಎಷ್ಟೇ ತಡವಾಗಿ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ಫೋನ್ ಅಡುಗೆಮನೆಯಲ್ಲಿ ಚಾರ್ಜಿಗಿಡಿ. ಇಪ್ಪತ್ತು ನಿಮಿಷವಾದರೂ ಕಣ್ಣು ಹತ್ತದಿದ್ದರೆ ಎದ್ದು ಬೇರೆ ಕಡೆ ಕುಳಿತು, ತೂಕಡಿಕೆ ಬಂದ ಮೇಲೆ ಹಾಸಿಗೆಗೆ ಮರಳಿ. ಅತ್ತೆಯ ಡಬ್ಬಿಯಲ್ಲಿರುವ ನಿದ್ದೆ ಮಾತ್ರೆ ತೆಗೆದುಕೊಳ್ಳಬೇಡಿ; ಕೆಲವು ಮಾತ್ರೆಗಳಿಗೆ ಕೆಲವೇ ವಾರಗಳಲ್ಲಿ ಮೈ ಒಗ್ಗಿಹೋಗುತ್ತದೆ, ಬಿಡುವುದು ಕಷ್ಟ.

ರಾತ್ರಿ ಕಣ್ಣ ಮುಂದೆ ಅವರಿಬ್ಬರ ಚಿತ್ರಗಳು ಬರುವುದು ಹುಚ್ಚಿನ ಲಕ್ಷಣವಲ್ಲ. ಅಪಘಾತ ಕಂಡವರಿಗೆ ಆ ದೃಶ್ಯ ಮರುಕಳಿಸುವಂತೆಯೇ ಇದೂ. ಬಲವಂತವಾಗಿ ತಳ್ಳಿದಷ್ಟೂ ಹೆಚ್ಚು ಬರುತ್ತವೆ. ಅವಕ್ಕೊಂದು ಹೊತ್ತು ಗೊತ್ತುಮಾಡಿ: ಸಂಜೆ ಐದೂವರೆಗೆ 20 ನಿಮಿಷ, ಕೈಯಲ್ಲಿ ನೋಟ್‌ಬುಕ್, ತೋಚಿದ್ದೆಲ್ಲ ಬರೆದು ಮುಚ್ಚಿಡಿ. ರಾತ್ರಿ ಬಂದಾಗ 'ನಾಳೆ ಐದೂವರೆಗೆ' ಎಂದು ಹೇಳಿ, ಎರಡೂ ಪಾದಗಳನ್ನು ತಣ್ಣನೆ ನೆಲಕ್ಕೆ ಊರಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳಿ. ಮೊದಲ ವಾರ ಇದು ಕೆಲಸ ಮಾಡದಂತೆಯೇ ಅನಿಸುತ್ತದೆ. ಬಿಡಬೇಡಿ.

ಪರೀಕ್ಷೆ ಮಾಡಿಸುವುದು

ಮುಜುಗರಕ್ಕೆ ಇದನ್ನು ಮುಂದೂಡುವವರೇ ಹೆಚ್ಚು. ಮನಸ್ಸಿನ ಮೂಲೆಯಲ್ಲಿ 'ನನ್ನ ಮೈ ಕೊಳೆಯಾಯಿತೇ' ಎಂಬ ಹೆದರಿಕೆ ಇರುವವರೆಗೆ ಬೇರೆ ಯಾವ ಅಭ್ಯಾಸವೂ ನಾಟುವುದಿಲ್ಲ, ಅದಕ್ಕೇ ಇದು ಕನ್ನಡಿಗಿಂತ ಮೊದಲು. ವೈದ್ಯರ ಮುಂದೆ ಕಥೆ ಹೇಳಬೇಕಿಲ್ಲ. ಒಂದು ವಾಕ್ಯ ಸಾಕು: 'ನನ್ನ ಸಂಗಾತಿಗೆ ಬೇರೆ ಲೈಂಗಿಕ ಸಂಪರ್ಕ ಇತ್ತು, ಎಸ್‌ಟಿಐ ಪರೀಕ್ಷೆಗಳನ್ನು ಬರೆದುಕೊಡಿ.' ಎಸ್‌ಟಿಐ ಅಂದರೆ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ರಕ್ತದಲ್ಲಿ. ಗೊನೊರಿಯಾ, ಕ್ಲಮಿಡಿಯಾ ಮೂತ್ರದಲ್ಲಿ ಅಥವಾ ಸ್ವಾಬ್‌ನಲ್ಲಿ ತಿಳಿಯುತ್ತವೆ. ಕ್ಲಮಿಡಿಯಾ ಹೆಂಗಸರಲ್ಲಿ ಎಷ್ಟೋ ಬಾರಿ ಯಾವ ಲಕ್ಷಣವನ್ನೂ ತೋರಿಸದೆ ಗರ್ಭನಾಳಕ್ಕೆ ಹಾನಿ ಮಾಡುತ್ತದೆ, ಆದ್ದರಿಂದ 'ನನಗೇನೂ ತೊಂದರೆ ಇಲ್ಲವಲ್ಲ' ಎಂದು ಬಿಡುವುದು ತಪ್ಪು.

ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಆಪ್ತಸಲಹೆ ಮತ್ತು ಪರೀಕ್ಷೆಯ) ಕೇಂದ್ರಗಳಲ್ಲಿ ಉಚಿತ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷಿಸುವಂತಿಲ್ಲ, ಫಲಿತಾಂಶವನ್ನು ಗುಟ್ಟಾಗಿಡಬೇಕು ಎಂದು 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ. ಇವತ್ತು ಒಮ್ಮೆ, ಕೊನೆಯ ಅಸುರಕ್ಷಿತ ಸಂಪರ್ಕವಾಗಿ ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ಮಾಡಿಸಿ. ಸೋಂಕು ತಗುಲಿದ ತಕ್ಷಣ ರಕ್ತದಲ್ಲಿ ಕಾಣಿಸದಿರುವುದರಿಂದ ಮೊದಲ 'ನೆಗೆಟಿವ್' ಒಂದನ್ನೇ ನಂಬುವಂತಿಲ್ಲ. ಸಂಪರ್ಕವಾಗಿ 72 ಗಂಟೆ ಕಳೆದಿಲ್ಲ, ಅಪಾಯ ಇರುವುದು ಖಚಿತ ಎಂದಾದರೆ ಅವತ್ತೇ ಜಿಲ್ಲಾಸ್ಪತ್ರೆಗೆ ಹೋಗಿ. ವೈದ್ಯರು ಅಗತ್ಯ ಕಂಡರೆ 28 ದಿನಗಳ ತಡೆ ಔಷಧಿ ಕೊಡುತ್ತಾರೆ. ಮಾಹಿತಿಗೆ 1097ಕ್ಕೆ ಕರೆ ಮಾಡಬಹುದು. ಎರಡನೇ ಫಲಿತಾಂಶ ಬರುವವರೆಗೆ ಕಾಂಡೋಮ್ ಇಲ್ಲದೆ ಕೂಡುವುದು ಬೇಡ. ಅದೇ ರಕ್ತದಲ್ಲಿ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಕೂಡ ನೋಡಿಸಿ. ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಸುಸ್ತು, ಕಳೆಗುಂದಿದ ಮುಖ, ಕೂದಲು ಉದುರುವುದು ಎಲ್ಲಕ್ಕೂ ಅದೂ ಒಂದು ಕಾರಣವಿರಬಹುದು.

ಯಾವುದನ್ನು ಕೇಳಬೇಕು, ಯಾವುದನ್ನು ಕೇಳಬಾರದು

ಸಂಬಂಧ ಪೂರ್ತಿ ಮುಗಿಯಿತೇ, ಎಷ್ಟು ಕಾಲ ನಡೆಯಿತು, ರಕ್ಷಣೆ ಬಳಸಿದ್ದರೇ, ಮನೆಯ ಹಣ ಎಷ್ಟು ಹೋಯಿತು, ಯಾರಿಗೆಲ್ಲ ಗೊತ್ತು: ಇವುಗಳ ಉತ್ತರ ನಿಮ್ಮ ತೀರ್ಮಾನಕ್ಕೆ ಬೇಕು, ಕೇಳಿ. 'ಅವಳು ನನಗಿಂತ ಚೆನ್ನಾಗಿದ್ದಾಳಾ', 'ಅವಳ ಜೊತೆ ಹೇಗಿತ್ತು' ಎಂಬ ಪ್ರಶ್ನೆ ನಾಲಿಗೆ ತುದಿಯಲ್ಲೇ ಇರುತ್ತದೆ, ನುಂಗಿಕೊಳ್ಳಿ. ಉತ್ತರ ಏನೇ ಬರಲಿ, ಅದು ಮರುದಿನ ರಾತ್ರಿ ಕಣ್ಣ ಮುಂದೆ ಚಿತ್ರವಾಗಿ ನಿಲ್ಲುತ್ತದೆ. ಹಾಗೆ ಸೇರಿಕೊಂಡ ವಿವರವನ್ನು ವಾಪಸು ತೆಗೆಯಲು ಬರುವುದಿಲ್ಲ. ಕೇಳಲೇಬೇಕು ಅನಿಸಿದ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು ಮೂರು ದಿನ ಬಿಡಿ. ಮೂರನೇ ದಿನವೂ ಅದರಿಂದ ಒಂದು ತೀರ್ಮಾನ ಹುಟ್ಟುತ್ತದೆ ಅನಿಸಿದರೆ ಕೇಳಿ.

ಅವಳ ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಡಿಪಿ ನೋಡುವುದೂ ಇದೇ ಜಾತಿಯದ್ದು. ನಿಮ್ಮ ಎದುರು ಇರುವುದು ಬೆಳಕು, ಕೋನ, ಫಿಲ್ಟರ್ ನೋಡಿ ಆಯ್ದ ಒಂದು ಫೋಟೊ. ಅದರ ಪಕ್ಕ ನೀವು ನಿಲ್ಲಿಸುವುದು ಅತ್ತು ಕೆಂಪಾದ ಮುಖವನ್ನು. ಬ್ಲಾಕ್ ಮಾಡಿ. ಬೇರೆ ಖಾತೆಯಿಂದ ಹುಡುಕುವ ಚಾಳಿ ಬಂದಿದ್ದರೆ ನಂಬಿಕೆಯ ಒಬ್ಬ ಗೆಳತಿಗೆ ಹೇಳಿ, ಕೈ ಹೋದಾಗಲೆಲ್ಲ ಆ ಗೆಳತಿಗೆ ಒಂದು ಚುಕ್ಕೆ ಕಳಿಸುವ ಒಪ್ಪಂದ ಮಾಡಿಕೊಳ್ಳಿ. ಸೆಲ್ಫಿ ತೆಗೆದು ತೆಗೆದು ಮುಖ ಅಳೆಯುವುದನ್ನೂ ನಿಲ್ಲಿಸಿ. ಹನ್ನೆರಡು ಇಂಚು ದೂರದಿಂದ ತೆಗೆದ ಫೋಟೊದಲ್ಲಿ ಮೂಗು ಇರುವುದಕ್ಕಿಂತ ಸುಮಾರು 30 ಪ್ರತಿಶತ ಅಗಲವಾಗಿ ಕಾಣುತ್ತದೆ. ಅದು ಲೆನ್ಸ್ ಮುಖಕ್ಕೆ ಹತ್ತಿರವಿರುವುದರ ಫಲ.

ಎಣಿಸಿ, ಆಮೇಲೆ ಕನ್ನಡಿ

ಒಂದು ವಾರ ಸುಮ್ಮನೆ ಲೆಕ್ಕ ಇಡಿ. ಹೊಟ್ಟೆ ಚಿವುಟಿ ನೋಡಿದ್ದು, ಕನ್ನಡಿಗೆ ಮುಖ ಅಂಟಿಸಿ ಸುಕ್ಕು ಹುಡುಕಿದ್ದು, ತೂಕ ನೋಡಿದ್ದು, 'ನಾನು ದಪ್ಪಗಿದ್ದೀನಾ' ಎಂದು ಯಾರನ್ನೋ ಕೇಳಿದ್ದು, ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಗೀಟು. ದಿನಕ್ಕೆ ಇಪ್ಪತ್ತು ಮೂವತ್ತು ಗೀಟು ಬಿದ್ದರೆ ಗಾಬರಿ ಬೇಡ. ಎರಡನೇ ವಾರ, ಮನಸ್ಸಾದಾಗ ಹತ್ತು ನಿಮಿಷ ತಡಮಾಡಿ. ಎಷ್ಟೋ ಸಲ ಆ ತುಡಿತ ತಾನಾಗೇ ಇಳಿದಿರುತ್ತದೆ. ವಾರಕ್ಕೆ ಐದು ಗೀಟು ಕಡಿಮೆ ಮಾಡುತ್ತ ಬನ್ನಿ. ಒಂದೇ ಜಾಗವನ್ನು ದಿಟ್ಟಿಸಿದರೆ ಕಣ್ಣು ಆ ಜಾಗವನ್ನೇ ದೊಡ್ಡದು ಮಾಡುತ್ತದೆ. ಗೋಡೆಯ ಮೇಲಿನ ಕಲೆಯೊಂದನ್ನು ಐದು ನಿಮಿಷ ನೋಡಿ, ಗೊತ್ತಾಗುತ್ತದೆ.

ಕೆಲವರದ್ದು ಇದಕ್ಕೆ ತದ್ವಿರುದ್ಧ: ಕನ್ನಡಿಗೆ ಬಟ್ಟೆ ಇಳಿಬಿಡುವುದು, ದೀಪ ಆರಿಸಿ ಸ್ನಾನ, ಮದುವೆ ಮುಂಜಿಗೆ ಹೋಗದಿರುವುದು, ಬರೀ ನೈಟಿಯಲ್ಲೇ ದಿನ ಕಳೆಯುವುದು. ತಪ್ಪಿಸಿಕೊಂಡಷ್ಟೂ ಹೆದರಿಕೆ ಬೆಳೆಯುತ್ತದೆ. ಇಬ್ಬರಿಗೂ ಮದ್ದು ಒಂದೇ.

ಹಗಲಿನ ಬೆಳಕಿರುವ ಹೊತ್ತು, ಬಾಗಿಲು ಹಾಕಿಕೊಳ್ಳಬಹುದಾದ ಜಾಗ ನೋಡಿಕೊಳ್ಳಿ. ಕೂಡುಕುಟುಂಬದಲ್ಲಿ ಬಚ್ಚಲುಮನೆಯೇ ಗತಿಯಾದರೆ ಅಲ್ಲೇ ಆಗಲಿ. ಕನ್ನಡಿಯಿಂದ ಎರಡು ಮೂರು ಅಡಿ ದೂರ, ದಿನನಿತ್ಯದ ಉಡುಪಿನಲ್ಲೇ ನಿಲ್ಲಿ. ನೆತ್ತಿಯಿಂದ ಹಿಡಿದು ಪಾದದವರೆಗೆ ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತ ಬನ್ನಿ. ನಿಯಮ ಒಂದೇ: ಬಣ್ಣ, ಆಕಾರ, ಗೆರೆ ಹೇಳಬಹುದು, ತೀರ್ಪು ಹೇಳಬಾರದು. 'ಕೆಟ್ಟ ಹೊಟ್ಟೆ' ತೀರ್ಪು. 'ಹೊಕ್ಕುಳ ಕೆಳಗೆ ಚರ್ಮ ಮಡಿಕೆಯಾಗಿದೆ, ಬಿಳಿಯ ಗೆರೆಗಳಿವೆ' ಎಂಬುದು ವರ್ಣನೆ. 'ಚೆಲುವಾದ ಹೊಟ್ಟೆ' ಎಂಬುದೂ ಬೇಡ, ಅದೂ ತೀರ್ಪೇ. ಯಾವ ಜಾಗದಲ್ಲೂ ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲಬೇಡಿ, ಯಾವ ಜಾಗವನ್ನೂ ಹಾರಿಸಬೇಡಿ. ಮೂರು ನಿಮಿಷಕ್ಕೆ ಮುಗಿಸಿ. ವಾರಕ್ಕೆ ನಾಲ್ಕು ದಿನ, ಎರಡು ವಾರ ಹೀಗೆ ಮಾಡಿ, ಆಮೇಲೆ ಕಡಿಮೆ ಬಟ್ಟೆಯಲ್ಲಿ ಐದು ನಿಮಿಷ. ಅಳು ಬಂದರೆ ಬರಲಿ, ವರ್ಣನೆ ಮುಂದುವರಿಸಿ. ಮುಗಿದು ಅರ್ಧ ಗಂಟೆಯಾದರೂ ಸಂಕಟ ಇಳಿಯದಿದ್ದರೆ, ತಿಂದದ್ದನ್ನು ಕಕ್ಕುವ ಅಥವಾ ಮೈಗೆ ಗಾಯ ಮಾಡಿಕೊಳ್ಳುವ ಮನಸ್ಸಾದರೆ ಇದನ್ನು ಒಬ್ಬರೇ ಮಾಡಬೇಡಿ, ಮನಶ್ಶಾಸ್ತ್ರಜ್ಞರ ಜೊತೆ ಮಾಡಿ.

'ನಾನು ಸುಂದರಿ, ನಾನು ರಾಣಿ' ಎಂದು ಕನ್ನಡಿಗೆ ಹೇಳಿಕೊಳ್ಳುವ ಸಲಹೆ ಎಲ್ಲೆಡೆ ಸಿಗುತ್ತದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಜೊಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬಗ್ಗೆ ಕೀಳರಿಮೆ ಇದ್ದವರಿಗೆ ಇಂಥ ಮಾತು ಹೇಳಿಕೊಂಡ ಮೇಲೆ ಇನ್ನೂ ಕೆಟ್ಟದೆನಿಸಿತು. ಮನಸ್ಸು ಒಪ್ಪದ ಮಾತನ್ನು ಹೇರಿದರೆ ಅದು ಎದುರುವಾದ ಹೂಡುತ್ತದೆ. ನಂಬಬಹುದಾದ ಸಣ್ಣ ಮಾತು ಸಾಕು: 'ಈ ಕಾಲು ಇವತ್ತು ನನ್ನನ್ನು ಬಸ್‌ಸ್ಟ್ಯಾಂಡಿಗೆ ಮುಟ್ಟಿಸಿತು.'

ಎಣ್ಣೆ, ರವಿಕೆ, ಕ್ರೀಮು

ವಾರಕ್ಕೊಮ್ಮೆ ಎಣ್ಣೆ ಸ್ನಾನ ಇಟ್ಟುಕೊಳ್ಳಿ. ಇದು ಸುಮ್ಮನೆ ಸಂಪ್ರದಾಯಕ್ಕಾಗಿ ಅಲ್ಲ. ಗಂಡ ಮುಟ್ಟದ, ಅಥವಾ ಮುಟ್ಟಿದರೆ ಅಸಹ್ಯವಾಗುವ ಮೈಯನ್ನು ನಿಮ್ಮ ಕೈಯೇ ಅಕ್ಕರೆಯಿಂದ ಮುಟ್ಟಬೇಕು. ನಾಲ್ಕೈದು ಚಮಚ ಎಳ್ಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಉಗುರುಬೆಚ್ಚಗೆ ಮಾಡಿ. ಪಾದದಿಂದ ಶುರುಮಾಡಿ, ಮೊಣಕಾಲು, ತೋಳು, ಹೆಗಲು. ನೀವು ಹೆಚ್ಚು ದ್ವೇಷಿಸುವ ಜಾಗಕ್ಕೆ ಕೊನೆಯಲ್ಲಿ ಬನ್ನಿ, ಅಂಗೈ ಇಟ್ಟು ಐದು ಸಲ ಉಸಿರಾಡಿ. ಹದಿನೈದು ನಿಮಿಷ ಸಾಕು. ಬಚ್ಚಲ ನೆಲ ಜಾರುತ್ತದೆ, ಕೆಳಗೊಂದು ಹಳೆ ಚಾಪೆ ಹಾಕಿ.

ಬಿಗಿಯಾದ ರವಿಕೆ ದಿನವಿಡೀ ತೋಳನ್ನು ಒತ್ತುತ್ತ 'ನೀನು ದಪ್ಪಗಾಗಿದ್ದೀಯ' ಎಂದು ಹೇಳುತ್ತಲೇ ಇರುತ್ತದೆ. ಹೊಲಿಯುವವರು ಪಕ್ಕದಲ್ಲಿ ಬಟ್ಟೆ ಒಳಗೆ ಮಡಚಿ ಬಿಟ್ಟಿರುತ್ತಾರೆ. ಒಳ ಹೊಲಿಗೆ ಒಂದು ಸಾಲು ಬಿಚ್ಚಿದರೆ ಸಡಿಲವಾಗುತ್ತದೆ. ಇವತ್ತಿನ ಅಳತೆಗೆ ಸರಿಹೋಗುವ ಮೂರು ಜೊತೆ ಬಟ್ಟೆ ಮುಂದಿಡಿ. 'ಸಣ್ಣಗಾದ ಮೇಲೆ ಹಾಕ್ಕೋತೀನಿ' ಎಂದು ಇಟ್ಟಿದ್ದನ್ನೆಲ್ಲ ಟ್ರಂಕಿಗೆ ಹಾಕಿ.

ಇನ್ನೊಂದು ಎಚ್ಚರಿಕೆ, ಇದರಲ್ಲಿ ಬಹಳ ಜನ ಮುಖ ಹಾಳುಮಾಡಿಕೊಂಡಿದ್ದಾರೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ 'ಬೆಳ್ಳಗಾಗುವ' ಟ್ಯೂಬುಗಳಲ್ಲಿ ಸ್ಟಿರಾಯ್ಡ್ ಇರುವುದುಂಟು. ಹಚ್ಚಿದ ಎರಡೇ ವಾರಕ್ಕೆ ಮುಖ ತಿಳಿಯಾಗುತ್ತದೆ. ಬಳಸುತ್ತ ಹೋದಂತೆ ಚರ್ಮ ತೆಳುವಾಗಿ, ಕೆಂಪು ನರಗಳು ಕಾಣುತ್ತವೆ, ಮೊಡವೆ, ಮುಖದ ಮೇಲೆ ಕೂದಲು ಬರುತ್ತವೆ, ಬಿಟ್ಟರೆ ಉರಿ. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್ ಎಂದಿದ್ದರೆ ಮುಖಕ್ಕೆ ಬೇಡ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿದ್ದರೆ ಚರ್ಮವೈದ್ಯರನ್ನು ಕಂಡು ನಿಲ್ಲಿಸಿ.

ಲೋಟದ ವೃತ್ತ

ನೋಟ್‌ಬುಕ್ಕಿನ ಮೇಲೆ ಲೋಟ ಬೋರಲು ಹಾಕಿ ಸುತ್ತ ಗೆರೆ ಎಳೆಯಿರಿ. 'ನಾನು ಬೆಲೆಯುಳ್ಳವಳು ಅನಿಸುವುದು ಯಾವುದರಿಂದ' ಎಂದು ಕೇಳಿಕೊಂಡು, ಈಗ ಇರುವಂತೆಯೇ ಹೋಳು ಮಾಡಿ. ಹೆಚ್ಚಿನವರದ್ದು ಹೀಗಿರುತ್ತದೆ: ಗಂಡ ಮೆಚ್ಚುವುದು ಅರ್ಧ, ನೋಟ ಕಾಲು ಭಾಗ, ಮಕ್ಕಳು ಕಾಲು ಭಾಗ. ಅರ್ಧ ಹೋಳು ಒಂದೇ ದಿನ ಕುಸಿದರೆ ಇಡೀ ವೃತ್ತ ಬೀಳದೆ ಇನ್ನೇನು? ಈಗ ಪಕ್ಕದಲ್ಲಿ ಇನ್ನೊಂದು ವೃತ್ತ: ಕೆಲಸ, ಕೈಕಸುಬು, ತವರಿನವರು, ಗೆಳತಿಯರು, ಓದು, ಹಾಡು, ಸಂಘ. ತೆಳ್ಳಗಿರುವ ಎರಡು ಹೋಳು ಆರಿಸಿ, ವಾರಕ್ಕೆ ಎರಡು ಗಂಟೆ ಅದಕ್ಕೆ ಕೊಡಿ. ಬಿಟ್ಟ ಟೈಲರಿಂಗ್ ಮತ್ತೆ ಶುರುಮಾಡುವುದು, ಸ್ತ್ರೀಶಕ್ತಿ ಸಂಘದ ಸಭೆಗೆ ಹೋಗುವುದು, ಸಂಗೀತದ ಮೇಷ್ಟ್ರಿಗೆ ಫೋನ್ ಮಾಡುವುದು. ನಿಮ್ಮ ಹೆಸರಲ್ಲೇ, ನಿಮ್ಮ ಕೈಯಲ್ಲೇ ಓಡುವ ಬ್ಯಾಂಕ್ ಖಾತೆಯನ್ನೂ ಒಂದು ಹೋಳೆಂದು ಎಣಿಸಿ. ಕೈಯಲ್ಲಿ ಸ್ವಂತ ಹಣವಿದ್ದವರಿಗೆ ಇರುವುದೋ ಬಿಡುವುದೋ ಎಂಬ ತೀರ್ಮಾನ ಹೆದರಿಕೆಯಿಂದ ಹುಟ್ಟುವುದಿಲ್ಲ. ಮೂರು ತಿಂಗಳಿಗೊಮ್ಮೆ ವೃತ್ತವನ್ನು ಹೊಸದಾಗಿ ಎಳೆದು ದಿನಾಂಕ ಹಾಕಿ.

ಮನೆಮಂದಿಯ ಮಾತಿಗೆ ಉತ್ತರವನ್ನು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ, ಆ ಕ್ಷಣಕ್ಕೆ ಮಾತು ಹೊಳೆಯುವುದಿಲ್ಲ. 'ನೀನು ಸ್ವಲ್ಪ ನೀಟಾಗಿ ಇರ್ತಿದ್ರೆ ಅವನ್ಯಾಕೆ ಹೋಗ್ತಿದ್ದ' ಅಂದರೆ: 'ಅತ್ತೆ, ಹೋಗಿದ್ದು ಅವರು, ಕೇಳೋದಿದ್ರೆ ಅವರನ್ನ ಕೇಳಿ.' 'ಯಾಕೇ ಹೀಗೆ ಸೊರಗಿದ್ದೀಯ' ಅಂದರೆ: 'ಚಿಕ್ಕಮ್ಮ, ಮೈ ವಿಷಯ ಬಿಡಿ, ನಿಮ್ಮ ಮಂಡಿನೋವು ಹೇಗಿದೆ?' ಎರಡನೇ ಸಲವೂ ಅದೇ ವಾಕ್ಯ, ಅದೇ ದನಿ. ವಿವರಿಸಲು ಹೋದಿರೋ, ವಾದಕ್ಕೆ ಬಾಗಿಲು ತೆರೆದಂತೆ.

ಒಟ್ಟಿಗೆ ಇರುವುದೆಂದು ತೀರ್ಮಾನಿಸಿದ್ದರೆ

ಸುದ್ದಿ ತಿಳಿದ ವಾರಗಳಲ್ಲಿ ಕೆಲವರಿಗೆ ಗಂಡನ ಮೇಲೆ ಇದ್ದಕ್ಕಿದ್ದಂತೆ ಆಸೆ ಹೆಚ್ಚುತ್ತದೆ, ಆಮೇಲೆ ತಮ್ಮ ಮೇಲೇ ನಾಚಿಕೆ. ಇನ್ನು ಕೆಲವರಿಗೆ ಬೆರಳು ತಾಕಿದರೂ ಮೈ ಬಿಗಿಯಾಗುತ್ತದೆ. ಎರಡೂ ಆಗುವಂಥದ್ದೇ. ಅವಸರಕ್ಕೆ ಬಿದ್ದು 'ಅವಳಿಗಿಂತ ಹೆಚ್ಚು' ಎಂದು ತೋರಿಸಲು ಹೋದರೆ ಹಾಸಿಗೆಯೂ ಪರೀಕ್ಷೆಯ ಕೋಣೆಯಾಗುತ್ತದೆ. ಲೈಂಗಿಕ ಚಿಕಿತ್ಸಕರು 1970ರ ದಶಕದಿಂದ ಬಳಸುವ, ಹಂತಹಂತವಾಗಿ ಒಬ್ಬರನ್ನೊಬ್ಬರು ಮುಟ್ಟುವ ಕ್ರಮವನ್ನು ಅನುಸರಿಸಿ. ಮೊದಲ ಎರಡು ವಾರ, ವಾರಕ್ಕೆ ಎರಡು ಸಲ 20 ನಿಮಿಷ, ಕೈ, ಬೆನ್ನು, ಪಾದ ಮಾತ್ರ. ಎದೆ, ಜನನಾಂಗ ಮುಟ್ಟುವಂತಿಲ್ಲ, ಕೂಡುವಂತಿಲ್ಲ. ಮುಟ್ಟಿಸಿಕೊಳ್ಳುವವರು ಬಿಸಿ, ತಂಪು, ಒತ್ತಡ ಮಾತ್ರ ಗಮನಿಸಬೇಕು. 'ಸಾಕು' ಎಂದರೆ ಆ ಕ್ಷಣಕ್ಕೆ ನಿಲ್ಲಬೇಕು, ಕಾರಣ ಕೇಳುವಂತಿಲ್ಲ. ಇದು ಸಲೀಸಾದ ಮೇಲಷ್ಟೇ ಮುಂದಿನ ಹಂತ. 'ಸಾಕು' ಎಂದಾಗ ಮುನಿಸಿಕೊಳ್ಳುವ ಗಂಡನ ಜೊತೆ ಈ ಅಭ್ಯಾಸ ನಡೆಯುವುದಿಲ್ಲ.

ಮೈಯನ್ನು ಹೀಯಾಳಿಸುತ್ತಲೇ ಇದ್ದರೆ ಅದನ್ನು ಸಹಿಸಬೇಕಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅವಮಾನ, ಅಪಹಾಸ್ಯಗಳೂ ದೌರ್ಜನ್ಯವೇ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿ ರಕ್ಷಣಾಧಿಕಾರಿ ಯಾರೆಂದು ಕೇಳಿ, ಇಲ್ಲವೇ 181ಕ್ಕೆ ಕರೆ ಮಾಡಿ. ಪರಸ್ತ್ರೀ, ಪರಪುರುಷ ಸಂಬಂಧ 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಪರಾಧವಲ್ಲ, ಆದರೆ ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನಕ್ಕೆ ಅದು ಈಗಲೂ ಕಾರಣ.

ಎರಡು ವಾರವಾದರೂ ಊಟ, ನಿದ್ದೆ, ಕೆಲಸ ಹಳಿಗೆ ಬಾರದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ: ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನಿಸಿದರೆ ಎರಡು ವಾರ ಕಾಯಬೇಡಿ. ಆ ಗಳಿಗೆಯಲ್ಲೇ ಕರೆ ಮಾಡಿ, ಒಬ್ಬರೇ ಇರಬೇಡಿ, ಮನೆಯಲ್ಲಿರುವ ಮಾತ್ರೆ, ಕೀಟನಾಶಕಗಳನ್ನು ಬೇರೆಯವರ ಕೈಗೆ ಕೊಟ್ಟುಬಿಡಿ.

ಸುಧಾರಿಸಿದ ಮೇಲೂ ಕೆಲವು ದಿನ ಎಲ್ಲ ಹಿಂದಕ್ಕೆ ಹೋದಂತೆ ಆಗುತ್ತದೆ: ಮದುವೆಯ ವಾರ್ಷಿಕೋತ್ಸವ, ವಿಷಯ ಗೊತ್ತಾದ ತಾರೀಖು, ಅವಳೂ ಬರಬಹುದಾದ ಒಂದು ಮದುವೆಮನೆ. ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಈಗಲೇ ಗುರುತು ಹಾಕಿ. ಹಿಂದಿನ ದಿನ ಉಡುವ ಸೀರೆ, ಸಡಿಲಿಸಿದ ರವಿಕೆ ತೆಗೆದಿಡಿ, ಜೊತೆಗೆ ಬರುವ ಗೆಳತಿಗೆ ಹೇಳಿಡಿ, ಹೊರಡುವ ಹೊತ್ತನ್ನೂ ಮೊದಲೇ ಗೊತ್ತುಮಾಡಿ: 'ಊಟ ಮುಗಿಸಿ ಒಂದೂವರೆಗೆ ಎದ್ದುಬಿಡೋಣ.' ಮನೆಗೆ ಬಂದ ರಾತ್ರಿ ಫೋಟೊ ಆಲ್ಬಂ ತೆರೆಯಬೇಡಿ. ಗೀಟುಗಳು ಅವತ್ತು ಹೆಚ್ಚು ಬಿದ್ದರೆ ಬೀಳಲಿ, ಬರೆದಿಡಿ. ಮರುದಿನ ಬೆಳಿಗ್ಗೆ ಎಣ್ಣೆ ಬೆಚ್ಚಗೆ ಮಾಡಿ.